ಮೂರು ಸೆಂಟಿಮೀಟರ್ ಹೆಚ್ಚು

ಬಾಲಸುಬ್ರಹ್ಮಣ್ಯನ ಸಂಸಾರಕ್ಕೆ ಗಂಡಾಂತರ ತಂದದ್ದು ಮೂರು ಸೆಂಟಿಮೀಟರ್. ನಲವತ್ತು ದಾಟಿದ ಗಂಡಸರ ಸೊಂಟವನ್ನು ಜಪಾನಿನ ಕಾವಾಸಾಕಿ ಊರಿನ ಅವನ ಕಂಪನಿ ವರ್ಷಕ್ಕೊಮ್ಮೆ ಟೇಪು ಹಿಡಿದು ಅಳೆಯುತ್ತದೆ. ಎಂಬತ್ತೈದರ ಒಳಗಿದ್ದರೆ ಮನುಷ್ಯ, ದಾಟಿದರೆ ‘ಮೆಟಾಬೊ’, ಅಂದರೆ ಬೊಜ್ಜಿನವನು. ಬಾಲು ಉಸಿರೆಳೆದು, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ನಿಂತ. ಆರೋಗ್ಯ ಸಲಹೆಗಾರ್ತಿ ಮೊರಿತಾ-ಸಾನ್ ಟೇಪು ಸುತ್ತಿ, ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ನಿಂತರು. ಒಂದು ನಿಮಿಷವಾಯಿತು. ಎಷ್ಟು ಹೊತ್ತು ಅಂತ ಉಸಿರು ಕಟ್ಟುವುದು? ಬಿಟ್ಟ. ಎಂಬತ್ತೆಂಟು.

ಮನೆಗೆ ಬಂದು ಹೆಂಡತಿ ಕಾತ್ಯಾಯಿನಿಗೆ ಹೇಳಿದ್ದು ಎಂಬತ್ತನಾಲ್ಕು.

ಅಲ್ಲಿಗೆ ಮುಗಿಯಲಿಲ್ಲ. ಮೊರಿತಾ-ಸಾನ್ ಒಂದು ಬೂದು ಬಣ್ಣದ ಕೈಪಟ್ಟಿ ಕೊಟ್ಟು ತಲೆಬಾಗಿದರು. ಶುಕ್ರವಾರ ಇಡೀ ದಿನ ಕಟ್ಟಿಕೊಳ್ಳಬೇಕು, ಸಂಜೆ ಏಳರೊಳಗೆ ತಂದೊಪ್ಪಿಸಬೇಕು. ಎಂಟು ಸಾವಿರ ಹೆಜ್ಜೆಯಾಗಿದ್ದರೆ ಬಿಡುಗಡೆ. ಇಲ್ಲದಿದ್ದರೆ ಆರು ತಿಂಗಳ ಮಾರ್ಗದರ್ಶನ, ಪ್ರತಿ ಊಟದ ಫೋಟೊ. ಮೊದಲ ಭೇಟಿಗೆ ಹೆಂಡತಿಯೂ ಬರಬೇಕು, ಅಡುಗೆಯ ಬಗ್ಗೆ ಮಾತಾಡಲಿಕ್ಕಿದೆ.

ಬಾಲು ಹೆದರಿದ್ದು ಆ ಕೊನೆಯ ಮಾತಿಗೆ. ಒಂದು ನೆಗಡಿಗೆ ಇಪ್ಪತ್ತೊಂದು ದಿನ ಕಷಾಯ ಕುಡಿಸಿದವಳು ಕಾತ್ಯಾಯಿನಿ. ಸೊಂಟ ಎಂಬತ್ತೆಂಟು, ಅದರ ಮೇಲೊಂದು ಸುಳ್ಳು ಬೇರೆ ಎಂದು ಗೊತ್ತಾದರೆ? ಭಾನುವಾರ ಯುಗಾದಿ. ಒಬ್ಬಟ್ಟು ಅವನ ಕಣ್ಣ ಮುಂದೆಯೇ ಬೇರೆಯವರ ತಟ್ಟೆಗೆ ಹೋಗುತ್ತದೆ.

ಎಂಟು ಸಾವಿರವೆಂದರೆ ಸುಮ್ಮನೆಯೇ? ಅವನ ಲೆಕ್ಕ ಮೂರು ಸಾವಿರ ದಾಟುತ್ತಿದ್ದುದು ಲಿಫ್ಟ್ ಕೆಟ್ಟ ದಿನ ಮಾತ್ರ.

ಶುಕ್ರವಾರ ಬೆಳಿಗ್ಗೆ ಆ ಲಿಫ್ಟಿನಲ್ಲೇ ದೇವರು ಒಂದು ದಾರಿ ತೋರಿಸಿದ. ಎದುರುಮನೆಯ ಡೆನ್ಮಾರ್ಕ್ ಸಂಸಾರದ ಹುಡುಗಿ ಫ್ರೇಯಾ ಸೈಕಲ್ಲಿಗೆ ಒರಗಿ ನಿಂತಿದ್ದಳು. ಹದಿನೈದು ವರ್ಷ, ಬೆನ್ನಿಗೆ ಟೆನಿಸ್ ಚೀಲ, ಟೊಮೆಟೊದಂಥ ಕೆನ್ನೆ. ಡೆನ್ಮಾರ್ಕಿನವರು ಹುಟ್ಟುವಾಗಲೇ ಸೈಕಲ್ ಮೇಲೆ ಕೂತು ಬರುತ್ತಾರೆಂಬುದು ಬಾಲುವಿನ ನಂಬಿಕೆ. ಅವಳ ಕೈಯಲ್ಲೂ ಒಂದು ಪಟ್ಟಿಯಿತ್ತು, ಹಳದಿಯದು. ಯುರೋಪಿನ ಹದಿಹರೆಯದವರ ಊಟ, ವ್ಯಾಯಾಮ, ನಿದ್ದೆ ಎಲ್ಲ ಸೇರಿ ಅವರ ಆರೋಗ್ಯವನ್ನು ಏನು ಮಾಡುತ್ತವೆಂದು ಅಲ್ಲಿನ ವಿಶ್ವವಿದ್ಯಾಲಯವೊಂದು ಅಧ್ಯಯನ ಮಾಡುತ್ತಿತ್ತು. ಜಪಾನಿಗೆ ಬಂದರೂ ಅವಳನ್ನು ಬಿಟ್ಟಿರಲಿಲ್ಲ.

“ಸ್ಕೂಲಿಗೆ ರಜಾ ಅಲ್ವಾ? ಏನು ಪ್ರೋಗ್ರಾಮ್ ಇವತ್ತು?” ಬಾಲು ಇಂಗ್ಲಿಷಿನಲ್ಲಿ ಕೇಳಿದ.

“ಯೂಶುವಲ್, ಅಂಕಲ್.”

ಯೂಶುವಲ್! ಸೈಕಲ್ಲು, ಟೆನಿಸ್ಸು, ಈಜು, ಗೋಡೆ ಹತ್ತುವುದು. ಮೂರನೇ ಮಹಡಿಯಿಂದ ನೆಲಕ್ಕೆ ಬರುವುದರೊಳಗೆ ಬಾಲು ತನ್ನ ಕಷ್ಟವನ್ನೆಲ್ಲ ತೋಡಿಕೊಂಡ. ಫ್ರೇಯಾ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, “ನಿಮ್ಮದು ನಾನು ಕಟ್ಕೋತೀನಿ. ಆದ್ರೆ ನಂದು ನೀವು ಕಟ್ಕೋಬೇಕು, ಬಿಚ್ಚಿಟ್ರೆ ಅವರಿಗೆ ಗೊತ್ತಾಗತ್ತೆ” ಎಂದಳು. ಸಂಜೆ ಐದಕ್ಕೆ ಸ್ಟೇಷನ್ನಿನ ಹತ್ತಿರ ವಾಪಸ್ ಬದಲಾಯಿಸಿಕೊಳ್ಳುವುದೆಂದಾಯಿತು. ಪಾಪ, ಎಷ್ಟು ಒಳ್ಳೆಯ ಮಗು ಎಂದುಕೊಂಡು ಬಾಲು ಎಂದಿನಂತೆ ರೈಲು ಹಿಡಿಯಲು ಓಡಿದ.

ಹತ್ತೂವರೆಗೆ ಮೀಟಿಂಗು. ಸೆಕ್ಷನ್ ಮುಖ್ಯಸ್ಥ ಮತ್ಸುದಾ-ಸಾನ್ ತಗ್ಗಿದ ದನಿಯಲ್ಲಿ ವಿವರಿಸುತ್ತಿರುವಾಗ ಹಳದಿ ಪಟ್ಟಿ ಹಸಿದ ಕೋಳಿಮರಿಯಂತೆ ಚಿಂವ್‌ಗುಟ್ಟತೊಡಗಿತು. ಹದಿನೈದರ ಹರೆಯದವರು ಅರ್ಧ ಗಂಟೆ ಕೂತಲ್ಲೇ ಕೂತಿದ್ದರೆ ಅದು ಸಹಿಸದು. ಬಾಲು ಮೇಜಿನಡಿ ಕೈ ಅಲ್ಲಾಡಿಸಿದ. ನಿಲ್ಲಲಿಲ್ಲ. ಎದ್ದು ನಿಂತ. ಇನ್ನೂ ಜೋರಾಯಿತು. ಬೇರೆ ದಾರಿ ಕಾಣದೆ ಎರಡೂ ಕೈ ಮೇಲೆತ್ತಿ ನಾಲ್ಕು ಸಲ ಕುಣಿದ.

ಎಲ್ಲರ ತಲೆ ಅವನತ್ತ ತಿರುಗಿತು.

“ಬಾರು-ಸಾನ್, ಇದು ನಿಮ್ಮ ದೇಶದ ಪದ್ಧತಿಯೇ?” ‘ಲ’ಕಾರ ಹೊರಳದ ಮತ್ಸುದಾ-ಸಾನ್ ಕೇಳಿದರು.

“ಹಾಯ್, ಹೌದು. ಹೊಸ ವರ್ಷದ ಮುಂಚೆ... ಮಾಡ್ತೀವಿ.”

ಅತಿಥಿ ಒಬ್ಬನೇ ಕುಣಿಯುವುದು ಶೋಭೆಯೇ? ಮತ್ಸುದಾ-ಸಾನ್ ಕೋಟು ಬಿಚ್ಚಿಟ್ಟು ಎದ್ದರು. ಅವರ ಹಿಂದೆ ಹನ್ನೊಂದು ಜನ ಎದ್ದರು. ಮೈಸೂರಿನ ಪ್ರದೀಪನೂ ವಿಧಿಯಿಲ್ಲದೆ ಕೈಯೆತ್ತಿ, “ಯಾವೂರ್ ಪದ್ಧತಿನಯ್ಯಾ ಇದು? ನಮ್ಮನೇಲಿ ಬೇವು ಬೆಲ್ಲ ಅಷ್ಟೇ” ಎಂದು ಹಲ್ಲು ಕಚ್ಚಿದ. ಸಂಜೆಯೊಳಗೆ ಇಂಥ ಒಂಬತ್ತು ಪೂಜೆಗಳಾದವು.

ಐದಕ್ಕೆ ಸ್ಟೇಷನ್ನಿನಲ್ಲಿ ಫ್ರೇಯಾ ಇರಲಿಲ್ಲ. ಐದೂಕಾಲಿಗೂ ಇಲ್ಲ. ಅವಳ ನಂಬರ್ ಅವನಲ್ಲಿಲ್ಲ. ಕಾತ್ಯಾಯಿನಿಯನ್ನು ಕೇಳಿದರೆ ಯಾಕೆ ಎನ್ನುತ್ತಾಳೆ. ಅಷ್ಟರಲ್ಲಿ ಪಕ್ಕದ ಬ್ಲಾಕಿನ ವಸುಂಧರಾ ತರಕಾರಿ ಚೀಲ ಹಿಡಿದು ಎದುರಾದಳು.

“ಏನ್ ಬಾಲು ಅವ್ರೇ, ಯಾರಿಗ್ ಕಾಯ್ತಿದೀರಾ?”

“ಆ ಡೆನ್ಮಾರ್ಕ್ ಹುಡುಗೀನ ನೋಡಿದ್ರಾ?”

“ಚಿನ್ನದ ಕೂದ್ಲು, ಸೈಕಲ್ಲು? ಈಗ್ತಾನೆ ತಾಮಾ ನದಿ ಕಡೆ ಹೋದ್ಲಲ್ಲಾ. ಓಡಿ, ಸಿಗ್ತಾಳೆ!”

ಬಾಲು ಓಡಿದ. ನದಿ ದಂಡೆಯ ಮೇಲೆ ಚಿನ್ನದ ಕೂದಲು ದೂರದಲ್ಲಿ ಹಾರುತ್ತಿತ್ತು. ಲ್ಯಾಪ್‌ಟಾಪ್ ಚೀಲ ಬೆನ್ನಿಗೆ ಗುದ್ದುತ್ತಿದ್ದಂತೆ, “ಸುಮಿಮಾಸೆನ್! ಸುಮಿಮಾಸೆನ್!” ಎಂದು ಕ್ಷಮೆ ಕೇಳುತ್ತ ನಾಯಿ ಹಿಡಿದವರನ್ನೂ ಚೆರ್ರಿ ಹೂವಿನ ಫೋಟೊ ತೆಗೆಯುವವರನ್ನೂ ದಾಟಿ ಹಿಡಿದೇ ಹಿಡಿದ. ತಿರುಗಿ ನೋಡಿದರೆ ಐವತ್ತು ದಾಟಿದ ಗಂಡಸು, ಜರ್ಮನಿಯವನು. ಬಾಲು ಗಾಬರಿಯಲ್ಲಿ ಅವನಿಗೆ ಅರಿಗಾತೋ ಎಂದು ಧನ್ಯವಾದ ಹೇಳಿ ಟೆನಿಸ್ ಅಂಗಳಕ್ಕೆ ಓಡಿದ. ಅಲ್ಲಿಂದ ಈಜುಕೊಳಕ್ಕೆ. ಅಲ್ಲಿಂದ ಗೋಡೆ ಹತ್ತುವ ಜಾಗಕ್ಕೆ. ಆರೋಗ್ಯವಂತ ಮಕ್ಕಳು ಎಲ್ಲೆಲ್ಲಿ ಇರಬಹುದೋ ಅಲ್ಲೆಲ್ಲ ಹುಡುಕಿದ. ದಾರಿಯಲ್ಲಿ ಫೋನು ಸದ್ದು ಮಾಡಿತು. ಕನ್ನಡ ಕೂಟದ ಗ್ರೂಪಿನಲ್ಲಿ ವಸುಂಧರಾ ಅವನ ಓಟದ ಫೋಟೊ ಹಾಕಿದ್ದಳು: ‘ನಮ್ಮ ಬಾಲು, ಈ ವಯಸ್ಸಲ್ಲೂ!’

ಆರೂವರೆಗೆ ಹಿಂಡಿದ ಬಟ್ಟೆಯಂತಾಗಿ ಮನೆ ಬಾಗಿಲು ತೆಗೆದರೆ, ಸೋಫಾ ಮೇಲೆ ಫ್ರೇಯಾ ಗಾಢ ನಿದ್ದೆಯಲ್ಲಿದ್ದಳು. ಮನೆಯೆಲ್ಲ ತುಪ್ಪದ ಘಮ.

“ಶ್! ಏಳಿಸ್ಬೇಡಿ ರೀ” ಎಂದು ಕಾತ್ಯಾಯಿನಿ ಅಡುಗೆಮನೆಯಿಂದಲೇ ಪಿಸುಗುಟ್ಟಿದಳು. “ಸುಸ್ತಾಗಿ ಮಲ್ಕೊಂಡಿದೆ ಮಗು.”

ಸುಸ್ತು! ಬಾಲುವಿನ ಕಿವಿಗೆ ಮಂಗಳವಾದ್ಯ ಕೇಳಿಸಿತು. ಎಷ್ಟು ಆಡಿರಬೇಕು, ಎಷ್ಟು ತುಳಿದಿರಬೇಕು! ಸದ್ದಾಗದಂತೆ, ಕೈಯಿಂದ ಕಳಚಿದೊಡನೆ ಎಣಿಕೆ ನಿಲ್ಲಿಸುವ ಬೂದು ಪಟ್ಟಿಯನ್ನು ಬಿಚ್ಚಿ ಜೇಬಿಗಿಟ್ಟು, ಹಳದಿಯದನ್ನು ಅವಳ ಕೈಗೆ ಕಟ್ಟಿ, “ಆಫೀಸಲ್ಲಿ ಚಾರ್ಜರ್ ಬಿಟ್ಟೆ” ಎನ್ನುತ್ತ ಮತ್ತೆ ಓಡಿದ.

ಏಳಕ್ಕೆ ಎರಡು ನಿಮಿಷ. ಮೊರಿತಾ-ಸಾನ್ ಪಟ್ಟಿಯನ್ನು ಕಂಪ್ಯೂಟರಿಗೆ ಜೋಡಿಸಿ ಪರದೆ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

“ಬಾರು-ಸಾನ್. ಹೆಜ್ಜೆ, ನಾನೂರ ಹನ್ನೆರಡು.”

“ಸಾವಿರ ಬಿಟ್ಟು ಹೋಗಿದೆಯೇನೋ?”

“ಇಲ್ಲ. ಹಗಲು ಮಲಗಿದ್ದು, ಎರಡೂವರೆ ಗಂಟೆ. ಹದಿನೆಂಟು ವರ್ಷದಲ್ಲಿ ಇಂಥ ಒಂದು ದಿನವನ್ನು ನಾನು ನೋಡಿಲ್ಲ.” ಅವರ ದನಿಯಲ್ಲಿ ಕೋಪವಿರಲಿಲ್ಲ; ಆಸ್ಪತ್ರೆಯಲ್ಲಿ ಹೂವು ಕೊಡುವವರ ಮೃದುತ್ವವಿತ್ತು. ಬೆವರಿಳಿಯುತ್ತಿದ್ದ ಅವನ ಮುಖ ನೋಡಿ, “ಇಲ್ಲಿವರೆಗೆ ನಡೆದದ್ದಕ್ಕೇ ಇಷ್ಟು ಆಯಾಸವೇ? ತಡ ಮಾಡಬಾರದು” ಎಂದು ಫೋನೆತ್ತಿಕೊಂಡರು.

ಎಂಟು ಗಂಟೆಗೆ ಬಾಗಿಲು ತೆಗೆದ ಕಾತ್ಯಾಯಿನಿಯ ಕೈಯಲ್ಲಿ ಹೊಲಿಗೆ ಟೇಪಿತ್ತು.

“ಮೊರಿತಾ-ಸಾನ್ ಮಾತಾಡಿದ್ರು. ಎಷ್ಟು ಮರ್ಯಾದಸ್ತರು! ‘ಹಾಚಿಜೂ ಹಾಚಿ’ ಅಂದ್ರೆ ಎಂಬತ್ತೆಂಟು ತಾನೆ? ನಮ್ಮ ಜಪಾನೀಸ್ ಕ್ಲಾಸಲ್ಲಿ ಮೊದಲನೇ ವಾರಾನೇ ಹೇಳ್ಕೊಟ್ಟಿದ್ರು.”

ಸೋಫಾದ ಮೇಲೆ ಎದ್ದು ಕೂತಿದ್ದ ಫ್ರೇಯಾಳ ಕಡೆ ಬಾಲು ಬೆರಳು ತೋರಿಸಿದ. “ಇವಳು... ಇಡೀ ದಿನ ಎಲ್ಲಿದ್ಲು?”

“ಇಲ್ಲೇ. ನೀವು ಹೋದ್ಮೇಲೆ ಸೈಕಲ್ಲಲ್ಲಿ ಕೊಂಬಿನಿ ಅಂಗಡಿಗೆ ಹೋಗಿ ಚಿಪ್ಸ್ ತಗೊಂಡ್ಬಂದ್ಲು. ಆಮೇಲೆ ಒಬ್ಬಟ್ಟು ರುಚಿ ನೋಡೋಕೆ ಅಂತ ಕೂತವಳು ಏಳು ತಿಂದು ಮಲ್ಕೊಂಡ್ಲು. ಯೂಶುವಲ್ ಅವಳ್ದು.”

ಟೆನಿಸ್ ಚೀಲದ ಬಾಯಿ ತೆರೆದಿತ್ತು. ಒಳಗೆ ಮೂರು ಪೊಟ್ಟಣ ಚಿಪ್ಸ್, ಒಂದು ತಲೆದಿಂಬು.

“ಮತ್ತೆ ಬೆಳಿಗ್ಗೆ ಯಾಕಮ್ಮಾ ಒಪ್ಕೊಂಡೆ?” ಬಾಲು ಅಳುವುದೊಂದು ಬಾಕಿ.

ಎಂಟನೆಯ ಒಬ್ಬಟ್ಟು ಮುರಿಯುತ್ತ ಫ್ರೇಯಾ ನಿಜವಾದ ಗೌರವದಿಂದ ಹೇಳಿದಳು: “ದಿನಾ ಬೆಳಿಗ್ಗೆ ನಮ್ಮ ಕಿಟಕಿಯಿಂದ ನೋಡ್ತೀನಿ ಅಂಕಲ್, ನೀವು ಸ್ಟೇಷನ್‌ಗೆ ಓಡೋದನ್ನ. ನೀವು ಅಥ್ಲೀಟ್ ಅಂತ ಅಪ್ಪಾನೂ ಹೇಳ್ತಾರೆ.”

ಅವಳ ಫೋನು ಟಿಣ್ ಎಂದಿತು. ಓದಿ ಹಿಗ್ಗಿದಳು. ಇಪ್ಪತ್ತಾರು ಸಾವಿರದ ನಾನೂರು ಹೆಜ್ಜೆ! ಅಧ್ಯಯನದಲ್ಲಿರುವ ಯುರೋಪಿನ ಮಕ್ಕಳಲ್ಲೆಲ್ಲ ಇವತ್ತು ಅವಳೇ ಮೊದಲು. ಆ ಒಂದೊಂದು ಹೆಜ್ಜೆಯೂ ಬಾಲುವಿನದು, ಬಾಯಿಬಿಟ್ಟು ಹೇಳುವಂತಿಲ್ಲ. ತನ್ನ ಪಟ್ಟಿ ತಾನೇ ಕಟ್ಟಿಕೊಂಡಿದ್ದರೆ ಮೂರು ವರ್ಷಕ್ಕಾಗುವಷ್ಟು ಬಿಡುಗಡೆ ಸಿಗುತ್ತಿತ್ತು.

“ಆಂಟಿ, ಜಪಾನಿನ ಜೀವನಕ್ರಮ ನನ್ನ ಹೇಗೆ ಬದಲಾಯಿಸ್ತು ಅಂತ ಅವರಿಗೆ ಇನ್ನೂ ನೋಡ್ಬೇಕಂತೆ. ಇನ್ನು ಆರು ತಿಂಗಳು!” ಎಂದು ಫ್ರೇಯಾ ಹಳದಿ ಪಟ್ಟಿ ಬಿಚ್ಚಿ, ಸಂಕೋಚದಿಂದ ಬಾಲುವಿನ ಮುಖ ನೋಡಿದಳು.

ಅದನ್ನು ಇಸಿದುಕೊಂಡದ್ದು, ಪಟ್ಟಿ ಬದಲಾದ ಗುಟ್ಟು ಅಷ್ಟರಲ್ಲಿ ಅರ್ಥವಾಗಿದ್ದ ಕಾತ್ಯಾಯಿನಿ. ಗಂಡನ ಬೆವರು ಒರೆಸಿ, ಅವನ ಕೈ ಹಿಡಿದು, ರಕ್ಷೆ ಕಟ್ಟುವಷ್ಟು ಅಕ್ಕರೆಯಿಂದ ಕಟ್ಟಿದಳು. ಆಮೇಲೆ ಅವನ ಮುಂದೆ ಒಂದು ತಟ್ಟೆ ಸೌತೆಕಾಯಿ ಇಟ್ಟು, ಮೊರಿತಾ-ಸಾನ್‌ಗೆ ಕಳಿಸಲು ಫೋಟೊ ತೆಗೆದಳು.

ಬಾಲು ನಿಧಾನವಾಗಿ ಸೌತೆಕಾಯಿ ಅಗಿಯುತ್ತ ಅರ್ಧ ಗಂಟೆ ಕೂತ. ಪಟ್ಟಿ ಚಿಂವ್‌ಗುಟ್ಟಿತು.

“ಏಳಿ ಮತ್ತೆ” ಎಂದಳು ಕಾತ್ಯಾಯಿನಿ.