ಓಲೆ ಹಾಕಿಕೊಂಡ ಇಂಜಿನ್

ಇಂಜಿನ್ನಿನ ಒಳಗುಟ್ಟು ತಿಳಿಯದವರು ಇಂಜಿನ್ನಿನ ಕತೆ ಹೇಳಲು ಹೊರಡಬಾರದು. ಹೊರಟದ್ದಾಗಿದೆ, ತಿಳಿದವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ಗೌರಿಬಿದನೂರಿನ ಗುಮಾಸ್ತ ವಾದಿರಾಜ, ಚಿಂತಾಮಣಿ ಪೇಟೆಯ ಗುಜರಿ ಅಂಗಡಿಯಿಂದ ಆಟದ ವಿಮಾನದ ಹಳೆಯ ಇಂಜಿನ್ ಒಂದನ್ನು ತಂದಿದ್ದ. ಗಾತ್ರ ನಿಂಬೆಹಣ್ಣಿನಷ್ಟು. ಅದರ ಹಿಂದಿನ ಯಜಮಾನ ಅದಕ್ಕೆ ಏನೇನೋ ಸೇರಿಸಿದ್ದ. ಎಣ್ಣೆ ಬಿಡುವ ತಿರುಪಿನ ತುದಿಗೆ ಹೆಂಗಸರ ಕೆಂಪು ಹರಳಿನ ಓಲೆ. ಹೊಗೆಗೆ ಮೊಳದುದ್ದದ ತಾಮ್ರದ ಕೊಳವೆ. ಬುಡಕ್ಕೆ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರ್. ಮೂತಿಯಲ್ಲಿ ತಿರುಗುವ ಫ್ಯಾನಿನ ಹಿಂದೆ, ಅಂಚಿನ ಸುತ್ತ ಸಣ್ಣ ಕಾಲುವೆ ಕೊರೆದ ಹಿತ್ತಾಳೆ ಚಕ್ರ.

ವಾದಿರಾಜ ಅದನ್ನು ಅಂಗೈಯಲ್ಲಿಟ್ಟುಕೊಂಡು ಗರ್ಭಗುಡಿಯ ಮುಂದೆ ನಿಂತವನಂತೆ ನಿಂತ.

"ರೀ, ಹೋದ ಸಲದ ವಿಮಾನ ಚರಂಡಿಗೆ ಬಿತ್ತು, ಅದರ ಹಿಂದಿನದು ಮೇಲಕ್ಕೇ ಏಳಲಿಲ್ಲ," ಎಂದಳು ಹೆಂಡತಿ ಪ್ರಿಯಂವದಾ. "ಇವತ್ತು ಹಾರಿದ್ರೆ ಮುಂದಿನ ರೂಮು ನಿಮ್ದು. ಹಾರ್ದಿದ್ರೆ ನನ್ನ ಹೊಲಿಗೆ ಮಿಷನ್ನು ಅಡುಗೆಮನೆಯಿಂದ ಅಲ್ಲಿಗೆ ಬರುತ್ತೆ. ಅಷ್ಟೆ."

ವಿಮಾನ ಕಟ್ಟುವ ಆ ರೂಮೊಂದೇ ವಾದಿರಾಜನ ಆಕಾಶ.

ಎದುರುಮನೆಯ ಕೋನಪ್ಪ ರಿಟೈರಾದ ಬಸ್ ಡ್ರೈವರು. ಕರೆಯದೆಯೇ ಬಂದು ಇಂಜಿನ್ ನೋಡಿದ. "ಇದೇನ್ ಸ್ವಾಮಿ, ಮದುವಣಗಿತ್ತಿ ಥರ ಸಿಂಗಾರ? ಎಲ್ಲಾ ಬಿಚ್ಚಿ ಬಿಸಾಕಿ. ಭಾರ!"

"ಬ್ಯಾಡ ಕೋನಪ್ಪನೋರೇ. ಇಷ್ಟು ನಯವಾಗಿ ಬೆಸೆದಿರೋ ಕೈ ಒಂದನ್ನೂ ಸುಮ್ಮಸುಮ್ಮನೆ ಬೆಸೆದಿರಲ್ಲ. ನಮಗೆ ತಿಳೀಲಿಲ್ಲ ಅಂತ ಕೀಳೋಕಾಗುತ್ತಾ?" ಎಂದು ವಾದಿರಾಜ ಇಂಜಿನ್ನಿಗೆ ಕುಂಕುಮ ಇಟ್ಟ.

ಸಂಜೆ ಕಾಲೇಜು ಮೈದಾನದಲ್ಲಿ ಬೀದಿಗೆ ಬೀದಿಯೇ ಸೇರಿತು. ವಾದಿರಾಜ ತಾನೇ ಕಟ್ಟಿದ ಹೊಸ ವಿಮಾನದ ಮೂತಿಗೆ ಇಂಜಿನ್ ಬಿಗಿದು ತಂದಿದ್ದ. ಫ್ಯಾನು ತಟ್ಟಿದ್ದೇ ತಡ, ಇಂಜಿನ್ ಹೊತ್ತಿಕೊಂಡಿತು. ಕಿರುಚಾಟವಿಲ್ಲ, ನಡುಕವಿಲ್ಲ, ಯಾರೋ ತಂಬೂರಿ ಮೀಟಿದ ಹಾಗೆ ಒಂದೇ ಶ್ರುತಿ. ಇಂಧನಕ್ಕೆ ಬೆರೆಸಿದ ಹರಳೆಣ್ಣೆಯ ಹೊಗೆ ಸುಳಿಸುಳಿಯಾಗಿ ಎದ್ದಿತು. ವಾದಿರಾಜನ ಕಣ್ಣು ತುಂಬಿ ಬಂತು.

ವಿಮಾನ ಮಾತ್ರ ಕದಲಲಿಲ್ಲ.

"ಇದು ಹಾರೋದಲ್ಲ ನಾಯನಾ, ಕುಂತ್ಕಂಡು ಭಜನೆ ಮಾಡೋದು!" ಎಂದಳು ಪಕ್ಕದ ಮನೆಯ ಗಂಗುಲಮ್ಮ.

"ನಾನು ತಳ್ತೀನಿ ಇರಿ," ಎಂದು ಕೋನಪ್ಪ ಹಿಂದೆ ಹೋಗಿ ಬಗ್ಗಿದ. ತಾಮ್ರದ ಕೊಳವೆ ಅವನ ಬಿಳಿ ಪಂಚೆಗೆ ಕರೀ ಎಣ್ಣೆ ಉಗಿಯಿತು. ಅವನು ಬೆಚ್ಚಿ ನೂಕಿದ ರಭಸಕ್ಕೆ ವಿಮಾನ ಅಂಗಾತ ಮಗುಚಿ, ಎರಡೂ ರೆಕ್ಕೆ ಮುರಿದುಕೊಂಡು ಮಲಗಿತು. ಇಂಜಿನ್ ಮಾತ್ರ ಹಾಡುತ್ತಲೇ ಇತ್ತು.

ಪ್ರಿಯಂವದಾ ನಗಲಿಲ್ಲ. ಕೂತು ಆ ಹಿತ್ತಾಳೆ ಚಕ್ರವನ್ನೇ ನೋಡುತ್ತಿದ್ದಳು.

ಮನೆಗೆ ಬಂದವಳೇ ಮಿಷನ್ನನ್ನು ಮುಂದಿನ ರೂಮಿಗೆ ಎಳೆಸಿದಳು. ಫ್ಯಾನು ಬಿಚ್ಚಿಸಿ, ಇಂಜಿನ್ನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮತ್ತೆ ಹೊತ್ತಿಸಿದಳು. ರಬ್ಬರಿನಿಂದಾಗಿ ಕಟ್ಟೆ ಅದುರಲಿಲ್ಲ. ಕೊಳವೆ ಸರಳುಗಳ ನಡುವೆ ತೂರಿ ಹೊಗೆಯನ್ನು ಬೀದಿಗೆ ಬಿಟ್ಟಿತು. ಚಕ್ರದ ಕಾಲುವೆಯಲ್ಲಿ ದಾರದ ಕುಣಿಕೆ ಅಳತೆ ತೆಗೆದಂತೆ ಕೂತಿತು. ಕುಣಿಕೆಯ ಇನ್ನೊಂದು ತುದಿಯನ್ನು ಮಿಷನ್ನಿನ ಬಾಬಿನ್, ಅಂದರೆ ಅಡಿದಾರದ ಪುಟ್ಟ ಉರುಳೆ, ಸುತ್ತುವ ಗಾಲಿಗೆ ಹಾಕಿ, ಕೆಂಪು ಓಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿದಳು. ಬಾಬಿನ್ ಕ್ಷಣದಲ್ಲಿ ತುಂಬಿತು.

"ರೀ, ಯಾರ್ರೀ ಆ ಮಹಾತಾಯಿ!" ಎಂದಳು ಬೆರಗಾಗಿ. "ಗಂಡನ ಕೈಲಿ ಎಷ್ಟು ಚೆನ್ನಾಗಿ ಮಾಡಿಸ್ಕೊಂಡಿದ್ದಾಳೆ!"

ಮುರಿದ ರೆಕ್ಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ವಾದಿರಾಜ, ಕಾಣದ ಆ ಗಂಡನಿಗೆ ಮನಸ್ಸಿನಲ್ಲೇ ಕೈಮುಗಿದ. ಅವನಿಗೂ ಒಂದು ಕಾಲದಲ್ಲಿ ಒಂದು ರೂಮು ಇದ್ದಿರಬೇಕು.

ಅವನು ಯಾರು, ಅವನ ವಿಮಾನ ಎಂದಾದರೂ ನೆಲ ಬಿಟ್ಟಿತ್ತೇ ಎಂಬುದು ಗೊತ್ತಾಗಲಿಲ್ಲ. ಆ ಓಲೆಯ ಜೋಡಿ ಎಲ್ಲಿದೆಯೋ, ಅದೂ ತಿಳಿಯದು.