ಮೂರು ಸಲ ತೊಳೆಯುವ ಬಗ್ಗೆ ಸುತ್ತೋಲೆ

“ಮತ್ತೆ ಬಂದ್ರಾ ಸಾರ್? ಹತ್ತು ನಿಮಿಷ ಪಟ್ಟೀನ ಮುಟ್ಟಬಾರದು, ನನ್ನ ಮಾತಾಡಿಸಬಾರದು ಅಂತ ಬರೆದೈತೆ,” ಎಂದಳು ಪರೀಕ್ಷೆಯ ಯಂತ್ರ ನಡೆಸುವ ಸ್ವಪ್ನ.

ದೇವಸಮುದ್ರದ ಕುರಿ ರಕ್ತ ಪರೀಕ್ಷಾ ಕೇಂದ್ರದ ಮೇಲ್ವಿಚಾರಕ ವೀರೇಶ್ ಅವಳ ಕೆಲಸಕ್ಕೆ ಅಡ್ಡ ಬಂದದ್ದು ಆ ಬೆಳಗ್ಗೆ ನಾಲ್ಕನೇ ಸಲ. ಕೆಲಸ ಬೇಗ ಆಗಲಿ ಎಂದು ಹೇಳಲಿಕ್ಕೇ ಅವರು ಬರುತ್ತಿದ್ದರು.

ಹೊರಗೆ ಕೊಂಡ್ಲಹಳ್ಳಿಯ ಮೂಗಮ್ಮ ತನ್ನ ಒಂದೇ ಒಂದು ಗಬ್ಬದ ಕುರಿ ಹಿಡಿದು ಸರದಿಯಲ್ಲಿ ಕೂತಿದ್ದಳು. ಪರೀಕ್ಷೆಯ ಚೀಟಿ ಇಲ್ಲದೆ ಊರ ಕುರಿ ಕಾಯುವ ಕ್ಯಾತಣ್ಣ ಅದನ್ನು ತನ್ನ ಹಿಂಡಿಗೆ ಸೇರಿಸುವಂತಿರಲಿಲ್ಲ.

ಯಂತ್ರ ಬಹಳ ಸೂಕ್ಷ್ಮ. ಬೆರಳುದ್ದದ ಪಟ್ಟಿಯ ಮೇಲೆ ಒಂದು ಹನಿ ರಕ್ತ, ಒಂದು ಹನಿ ಕಿಣ್ವ. ಗಬ್ಬ ನಿಲ್ಲದೆ ಕುರಿ ಕಂದು ಹಾಕುವ ರೋಗದ ಗುರುತು ರಕ್ತದಲ್ಲಿದ್ದರೆ ಕಿಣ್ವ ಅಂಟಿಕೊಳ್ಳುತ್ತದೆ. ಅಂಟದ್ದನ್ನು ಮೂರು ಸಲ ತೊಳೆದು ತೆಗೆಯಬೇಕು. ಉಳಿದದ್ದು ಹುಟ್ಟಿಸುವ ಚೂರೇ ಚೂರು ಕರೆಂಟನ್ನು ಯಂತ್ರ ಅಳೆಯುತ್ತದೆ. ಕೆರೆಗೆ ಚಿಟಿಕೆ ಉಪ್ಪು ಹಾಕಿದರೂ ಹಿಡಿಯುವಷ್ಟು ಚುರುಕು ಎಂದು ಉದ್ಘಾಟನೆಯಲ್ಲಿ ಹೇಳಿದ್ದರು. ಕೆರೆಯಲ್ಲಿ ನೀರಿಲ್ಲದ ಕಾರಣ ಯಾರೂ ಹಾಕಿ ನೋಡಲಿಲ್ಲ.

ವೀರೇಶ್ ಸುತ್ತೋಲೆ ಓದಿದರು: “ಜಲ ಮಿತವ್ಯಯ ಮಾಸಾಚರಣೆಯ ಅಂಗವಾಗಿ ತೊಳೆಯುವ ಕ್ರಿಯೆಯನ್ನು ಕೈಬಿಡತಕ್ಕದ್ದು. ‘ತೊಳೆದಿದೆ’ ಎಂಬ ಕಲಮನ್ನು ಎಂದಿನಂತೆ ಭರ್ತಿ ಮಾಡತಕ್ಕದ್ದು.”

“ತೊಳೀದಿದ್ರೆ ಎಲ್ಲಕ್ಕೂ ರೋಗ ಅಂತ ತೋರಿಸ್ತೈತೆ ಸಾರ್.”

“ಎಸ್ಸೆಲ್ಸಿ ಓದಿ ಸುತ್ತೋಲೆ ತಿದ್ದುತೀಯೇನಮ್ಮ?”

ಸಂಜೆಯೊಳಗೆ ಬಂದ ಕುರಿಗಳಿಗೆಲ್ಲ ರೋಗ ಬಂತು. ಮರುದಿನ ಟಗರುಗಳಿಗೆ ಬಂತು, ಬಾಟಲಿಯ ನೀರಿಗೂ ಬಂತು. ಯಂತ್ರದ ಮೇಲೆ ಜನರಿಗೆ ನಂಬಿಕೆ ಹುಟ್ಟಿಸಲು ವೀರೇಶ್ ತಮ್ಮ ಬೆರಳನ್ನೇ ಚುಚ್ಚಿಸಿಕೊಂಡರು. ಅವರಿಗೂ ಬಂತು. ನಿಯಮದಂತೆ, ರೋಗ ಬಂದ ಕುರಿಗೆ ಹಾಕುವ ಹಳದಿ ಬಿಲ್ಲೆಯನ್ನು ಕಿವಿಗೆ ಹಾಕಿಸಿಕೊಂಡು, “ಸ್ವಲ್ಪ ಉರಿ ಐತೆ, ಅಷ್ಟೆ,” ಎಂದರು. ಚಳ್ಳಕೆರೆ ಸಂತೆಯಲ್ಲಿ ಹಳದಿ ಬಿಲ್ಲೆ ಇಲ್ಲದ ಕುರಿಯನ್ನು ಯಾರೂ ಮುಟ್ಟದಾದರು.

ನಾಲ್ಕನೇ ದಿನ ಮೂಗಮ್ಮನ ಸರದಿ. ಸ್ವಪ್ನ ಬಾಗಿಲು ಹಾಕಿ, ಬಾಟಲಿಯ ತಳದಲ್ಲಿದ್ದ ದ್ರಾವಣದಿಂದ ಪಟ್ಟಿಯನ್ನು ಮೂರು ಸಲ ತೊಳೆದಳು. ಸೊನ್ನೆ ಬಂತು.

“ನಿನ್ನ ಕುರಿಗೆ ಏನೂ ಇಲ್ಲಮ್ಮ!”

ವೀರೇಶ್ ನಿಯಮದ ಪುಸ್ತಕ ತೆಗೆದು ಓದಿದರು: “ಹಿಂಡಿಗಿಂತ ಭಿನ್ನ ಫಲಿತಾಂಶದ ಪ್ರಾಣಿಯನ್ನು ಪ್ರತ್ಯೇಕವಾಗಿ ಕಟ್ಟತಕ್ಕದ್ದು.”

ಕ್ಯಾತಣ್ಣ ಹಳದಿ ಬಿಲ್ಲೆಯ ತನ್ನ ಹಿಂಡನ್ನು ಆಚೆ ಹೊಡೆದುಕೊಂಡ. “ದೂರ ಕಟ್ಟಮ್ಮೋ. ಇದ್ರುದು ನಮ್ಮವುಕ್ಕೂ ಅಂಟಿಕೊಂಡ್ರೆ?”

ಸುತ್ತಲಿದ್ದವರು ಅದೂ ನಿಜ ಎಂದರು. ಮೂಗಮ್ಮ ಕುರಿಯ ಹೊಟ್ಟೆ ಸವರುತ್ತಾ ಸ್ವಪ್ನಳ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

“ಅಲ್ಲವ್ವ, ಇದಕ್ಕೆ ಆ ರೋಗ ಬರಬೇಕಂದ್ರೆ ಏನು ಔಷಧಿ ಕೊಡಬೇಕು?”