ತತ್ತ್ವಶಾಸ್ತ್ರ ವಿಭಾಗದಲ್ಲಿ ಕಂಡದ್ದು, ಇದ್ದದ್ದು

ಕಣ್ಣಿಗೆ ಕಾಣುವುದು ಬೇರೆ, ನಿಜವಾಗಿ ಇರುವುದು ಬೇರೆ ಎಂದು ಪಾಠ ಮಾಡುವುದಕ್ಕೇ ನನಗೆ ಸಂಬಳ ಬರುತ್ತಿತ್ತು. ಠಾಣೆಯ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷದ ಹತ್ತಿರ ಹತ್ತಿರ ತತ್ತ್ವಶಾಸ್ತ್ರ ಕಲಿಸಿದೆ. ಇದನ್ನೇ ಕಲಿಸುವವಳು ಮೋಸಹೋಗಲಾರಳು ಎಂದು ನೀವು ಅಂದುಕೊಳ್ಳಬಹುದು. ನಾನೂ ಅಂದುಕೊಂಡಿದ್ದೆ. ಆದರೂ ಇಂಥವು ಆಗುತ್ತಲೇ ಇದ್ದವು. ನಗು ಬಂದರೆ ನಕ್ಕುಬಿಡಿ. ಆಗ ನನಗಂತೂ ಬಂದಿರಲಿಲ್ಲ.

ಮೇಜು

ಕೆಲಸಕ್ಕೆ ಸೇರಿದ ಹೊಸತು. ಒಂದು ದಿನ ಕ್ಲಾಸಿನಲ್ಲಿ ಮೇಜು ತಟ್ಟಿ ಕೇಳಿದೆ, "ಈ ಮೇಜು ನಿಜವಾಗಿಯೂ ಇದೆ ಎಂದು ಹೇಗೆ ಹೇಳುತ್ತೀರಿ?"

"ಕಾಣುತ್ತದೆ," ಎಂದ ಒಬ್ಬ.

"ಮುಟ್ಟಬಹುದು," ಎಂದಳು ಒಬ್ಬಳು.

"ಕನಸಿನಲ್ಲೂ ಕಾಣುತ್ತದೆ, ಮುಟ್ಟಲಿಕ್ಕೂ ಆಗುತ್ತದೆ. ಹಾಗಾದರೆ?" ಎಂದೆ. ಹುಡುಗರು ಪೇಚಿಗೆ ಸಿಕ್ಕರು. ನಾಳೆ ಗಟ್ಟಿಯಾದ ಆಧಾರ ತನ್ನಿ ಎಂದು ಹೇಳಿ, ಬಹಳ ಚೆನ್ನಾಗಿ ಪಾಠ ಮಾಡಿದ ಖುಷಿಯಲ್ಲಿ ಮನೆಗೆ ಹೋದೆ.

ಮರುದಿನ ಬಂದರೆ ಮೇಜು ಇಲ್ಲ. ಮೇಲಿನ ಮಹಡಿಯಲ್ಲಿ ಮ್ಯಾನೇಜ್‌ಮೆಂಟಿನ ಹೊಸ ಕೋರ್ಸು ಶುರುವಾಗಿತ್ತು, ಪ್ಯೂನು ಅಲ್ಲಿಗೆ ಎತ್ತಿಕೊಂಡು ಹೋಗಿದ್ದ. ಪ್ರಿನ್ಸಿಪಾಲರ ಹತ್ತಿರ ದೂರು ಕೊಂಡುಹೋದೆ. ಅವರು ತಲೆ ಎತ್ತದೆ ಹೇಳಿದರು, "ಅದು ಇದೆಯೋ ಇಲ್ಲವೋ ಎಂದು ನಿಮಗೇ ಖಾತ್ರಿ ಇಲ್ಲ ಅಂತ ಹುಡುಗರು ಹೇಳಿದರಲ್ಲ, ಮ್ಯಾಡಮ್."

ಆಮೇಲೆ ಮೂರು ವರ್ಷ ಪುಸ್ತಕ ಕಿಟಕಿಯ ಕಟ್ಟೆಯ ಮೇಲಿಟ್ಟು ಪಾಠ ಮಾಡಿದೆ.

ಮೊದಲ ಬೆಂಚು

ಒಂದು ವರ್ಷ ನನಗೆ ನಿಜವಾದ ಶಿಷ್ಯೆ ಸಿಕ್ಕಳು. ಕಲ್ಯಾಣದಿಂದ ಬರುತ್ತಿದ್ದ ಹುಡುಗಿ. ಒಂದು ದಿನವೂ ತಪ್ಪಿಸಿದವಳಲ್ಲ. ಮೊದಲ ಬೆಂಚಿನಲ್ಲಿ ಕೂತು ತಲೆ ತಗ್ಗಿಸಿ ಬರೆದದ್ದೇ ಬರೆದದ್ದು. ಉಳಿದವರು ಆಕಳಿಸುವಾಗ ನಾನು ಅವಳನ್ನು ನೋಡಿಕೊಂಡೇ ಮಾತಾಡುತ್ತಿದ್ದೆ. ಊಟದ ಹೊತ್ತಿಗೂ ಅವಳ ವಿಷಯವನ್ನೇ ಹೇಳಿ ಹೇಳಿ ನನ್ನ ಗಂಡನಿಗೆ ಬೇಸರ ಬರಿಸಿದ್ದೆ.

ವರ್ಷದ ಕೊನೆಗೆ, ನನ್ನ ಪಾಠವನ್ನು ಇಷ್ಟು ಪ್ರೀತಿಯಿಂದ ಬರೆದುಕೊಂಡ ನೋಟ್‌ಬುಕ್ಕನ್ನು ಒಮ್ಮೆ ನೋಡಬೇಕು ಅನ್ನಿಸಿತು. ಕೇಳಿದೆ. ಅವಳು ಸ್ವಲ್ಪ ಹಿಂದೆ ಮುಂದೆ ನೋಡಿ ಕೊಟ್ಟಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬ್ಯಾಂಕ್ ಪರೀಕ್ಷೆಯ ಲೆಕ್ಕಗಳು. ಎರಡು ರೈಲುಗಳು ಎದುರುಬದುರಾಗಿ ಬಂದರೆ ಎಷ್ಟು ಹೊತ್ತಿಗೆ ಸಂಧಿಸುತ್ತವೆ ಎಂಬಂಥವು.

"ಮನೆಯಲ್ಲಿ ಒಂದೇ ರೂಮು, ಮ್ಯಾಡಮ್. ಲೈಬ್ರರಿಯಲ್ಲಿ ಗಲಾಟೆ. ನಿಮ್ಮ ಕ್ಲಾಸಿನಷ್ಟು ಶಾಂತಿ ಎಲ್ಲೂ ಸಿಗುವುದಿಲ್ಲ," ಎಂದಳು.

ಅವಳಿಗೆ ಬ್ಯಾಂಕಿನಲ್ಲಿ ಕೆಲಸವೂ ಸಿಕ್ಕಿತು. ತತ್ತ್ವಶಾಸ್ತ್ರದಿಂದ ಉದ್ಧಾರವಾದವರು ಯಾರಾದರೂ ಇದ್ದಾರೆಯೇ ಎಂದು ಕೇಳುವವರಿಗೆ ನಾನು ಅವಳ ಹೆಸರನ್ನೇ ಹೇಳುತ್ತೇನೆ.

ನಮ್ಮ ಕಂಪನಿ

ಡೊಂಬಿವಲಿಯಿಂದ ಠಾಣೆಗೆ ನಾನು ಹಿಡಿಯುತ್ತಿದ್ದ ಸ್ಲೋ ಲೋಕಲ್ ರೈಲಿನಲ್ಲಿ ಕಾರ್ಕಳದ ಕಡೆಯ ಒಬ್ಬಳು ಪರಿಚಯವಾಗಿದ್ದಳು. ಗಂಡ ಹೋಟೆಲಿನಲ್ಲಿ ಕೆಲಸಕ್ಕಿದ್ದ. ನನಗಿಂತ ಮೊದಲೇ ವಿಠ್ಠಲವಾಡಿಯಲ್ಲಿ ಹತ್ತಿ ಹೇಗೋ ಸೀಟು ಹಿಡಿಯುತ್ತಿದ್ದಳು. ಅರ್ಧ ದಾರಿಯಲ್ಲಿ ಮುಂಬ್ರಾ ಬಂದ ಕೂಡಲೇ "ಅಕ್ಕ, ಇನ್ನು ನೀವು ಕೂರಿ" ಎಂದು ಎದ್ದು ನಿಲ್ಲುತ್ತಿದ್ದಳು. ಕುತ್ತಿಗೆಯಲ್ಲಿ ನೀಲಿ ಪಟ್ಟಿಯ ಗುರುತಿನ ಕಾರ್ಡು. ಮಹಾಪೆಯ ಐಟಿ ಕಂಪನಿ ಎನ್ನುತ್ತಿದ್ದಳು. ಎಸಿ ಜಾಸ್ತಿ, ಮೀಟಿಂಗು ಜಾಸ್ತಿ ಎಂದೆಲ್ಲ ಹೇಳುತ್ತಿದ್ದಳು. ನಮ್ಮ ಡಬ್ಬಿಯ ಹೆಂಗಸರಿಗೆಲ್ಲ ಅವಳ ಮೇಲೆ ಗೌರವ. ಮಕ್ಕಳನ್ನು ಯಾವ ಕೋರ್ಸಿಗೆ ಸೇರಿಸಬೇಕೆಂದು ಕಾಲೇಜಿನಲ್ಲಿ ಕಲಿಸುವ ನನ್ನನ್ನು ಬಿಟ್ಟು ಅವಳನ್ನು ಕೇಳುತ್ತಿದ್ದರು.

ಒಮ್ಮೆ ಮಹಾಪೆಯ ಒಂದು ಕಂಪನಿಯವರು ಮಾನಸಿಕ ಒತ್ತಡ ಮತ್ತು ವೇದಾಂತ ಎಂಬ ವಿಷಯದ ಮೇಲೆ ಮಾತಾಡಲು ನನ್ನನ್ನು ಕರೆದರು. ಪ್ರಪಂಚವೇ ತೋರಿಕೆ, ಪ್ರಮೋಷನ್ ಕೂಡ ತೋರಿಕೆ ಎಂದು ಒಂದು ಗಂಟೆ ಮಾತಾಡಿ ಕೂತೆ. ಟ್ರೇ ಹಿಡಿದುಕೊಂಡು ಚಹಾ ತಂದವಳು ಅವಳೇ. ಬೂದಿಬಣ್ಣದ ಯೂನಿಫಾರ್ಮು, ಅದೇ ನೀಲಿ ಪಟ್ಟಿ.

ಹಿಂದಿಯಲ್ಲಿ ಕೇಳಿದಳು, "ಸಕ್ಕರೆ ಹಾಕಿದ್ದೋ, ಹಾಕದ್ದೋ, ಮ್ಯಾಡಮ್?"

ನಾನೂ ಹಿಂದಿಯಲ್ಲೇ "ಹಾಕದ್ದು" ಎಂದುಬಿಟ್ಟೆ. ಸಕ್ಕರೆ ಇಲ್ಲದ ಚಹಾವನ್ನು ನಾನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ. ಗುರುತು ತೋರಿಸಬೇಕಿತ್ತೇ, ತೋರಿಸದಿದ್ದದ್ದೇ ಒಳ್ಳೆಯದಾಯಿತೇ ಎಂದು ದಾರಿಯುದ್ದಕ್ಕೂ ಸಂಕಟಪಟ್ಟೆ. ನಾಳೆಯಿಂದ ಅವಳು ಬೇರೆ ಡಬ್ಬಿ ಹತ್ತುತ್ತಾಳೆ ಎಂದೇ ತಿಳಿದಿದ್ದೆ.

ಮರುದಿನ ಅವಳು ಅಲ್ಲೇ ಇದ್ದಳು. ಮುಂಬ್ರಾದಲ್ಲಿ ಎದ್ದು ಸೀಟನ್ನೂ ಬಿಟ್ಟಳು. ಆಮೇಲೆ ಎಲ್ಲರ ಎದುರು ಹೇಳಿದಳು, "ನಿನ್ನೆ ನಮ್ಮ ಕಂಪನಿಯಲ್ಲಿ ಯಾರೋ ಮ್ಯಾಡಮ್ ಬಂದು, ಈ ಸಂಸಾರವೇ ಸುಳ್ಳು ಅಂತ ಭಾಷಣ ಮಾಡಿದರು."

"ಹೇಗಿತ್ತು?" ನಾನೇ ಕೇಳಿದೆ.

"ಒಳ್ಳೆದಿತ್ತು, ಅಕ್ಕ. ಆದರೆ ಪಾಪ, ಅವರಿಗೆ ಮನೆಕೆಲಸ ಕಡಿಮೆ ಅಂತ ಕಾಣುತ್ತದೆ."

ತಪಾಸಣೆ

ಕೊನೆಕೊನೆಗೆ ನನ್ನ ವಿಭಾಗದಲ್ಲಿ ಉಳಿದದ್ದು ನಾಲ್ಕು ವಿದ್ಯಾರ್ಥಿಗಳು. ಅದೇ ವರ್ಷ ಕಾಲೇಜಿಗೆ ಗ್ರೇಡು ಕೊಡುವ ಸಮಿತಿ ತಪಾಸಣೆಗೆ ಬಂತು. ಪ್ರಿನ್ಸಿಪಾಲರು ಕಾಮರ್ಸಿನಿಂದ ಮೂವತ್ತಾರು ಹುಡುಗರನ್ನು ತಂದು ನನ್ನ ಕ್ಲಾಸಿನಲ್ಲಿ ಕೂರಿಸಿದರು. "ಬಾಯಿ ಬಿಡಬೇಡಿ, ಯೋಚನೆ ಮಾಡುತ್ತಿರುವ ಹಾಗೆ ಕೂತಿರಿ, ಸಾಕು," ಎಂದು ಅವರಿಗೆ ಅಪ್ಪಣೆಯಾಗಿತ್ತು. ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ನನ್ನ ಕೆಲಸವೂ ಅದರ ಮೇಲೇ ನಿಂತಿತ್ತು.

ಸಮಿತಿಯಲ್ಲಿದ್ದ ಹಿರಿಯರೊಬ್ಬರು ಧಾರವಾಡದ ಕಡೆಯವರು, ತತ್ತ್ವಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು. ತುಂಬಿದ ಕ್ಲಾಸು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಈ ಕಾಲದಲ್ಲೂ ನಮ್ಮ ವಿಷಯಕ್ಕೆ ಇಷ್ಟು ಮಂದಿಯೇ ಎಂದು ಕನ್ನಡಕ ಒರೆಸಿಕೊಂಡರು. ನಾನು ಗೋಡೆ ನೋಡಿದೆ.

ಅವರು ನೇರವಾಗಿ ಹಿಂದಿನ ಬೆಂಚಿಗೆ ಹೋಗಿ ಒಬ್ಬ ಹುಡುಗನನ್ನು ಕೇಳಿದರು, "ತೋರುವುದಕ್ಕೂ ಇರುವುದಕ್ಕೂ ಏನು ವ್ಯತ್ಯಾಸ? ಪುಸ್ತಕದ್ದು ಬೇಡ, ನಿನಗೆ ಕಂಡದ್ದನ್ನು ಹೇಳು."

ಹುಡುಗ ಎದ್ದ. ಪ್ರಿನ್ಸಿಪಾಲರನ್ನು ನೋಡಿದ, ನನ್ನನ್ನು ನೋಡಿದ, ನೆಲ ನೋಡಿದ.

"ಸರ್, ತೋರುವುದು ನಲವತ್ತು. ಇರುವುದು ನಾಲ್ಕು."

ಪ್ರಿನ್ಸಿಪಾಲರ ಮುಖ ಬಿಳಿಚಿಕೊಂಡಿತು. ಹಿರಿಯರು ಕಣ್ಣು ಮುಚ್ಚಿ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು, "ಕೇಳಿದ್ರೇನ್ರೀ? ಹತ್ತು ಇಂದ್ರಿಯ, ಅವಸ್ಥಾ ನಾಕು. ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯ. ಗುಣಿಸಿದ್ರ ತೋರಿಕಿ ನಲವತ್ತು, ಮೂಲ ನಾಕ. ನಾ ಇಷ್ಟು ವರ್ಷ ಪಾಠ ಮಾಡೀನಿ, ಹಿಂಗ ಒಬ್ಬಾಂವನೂ ಹೇಳಿರಲಿಲ್ಲ."

ನಾನು ಹೌದು ಎಂಬಂತೆ ತಲೆ ಅಲ್ಲಾಡಿಸಿದೆ. ಆ ತಲೆ ಅಲ್ಲಾಡಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹುಡುಗ ಆಮೇಲೆ ಹತ್ತಿರ ಬಂದು, "ಸಾರಿ ಮ್ಯಾಡಮ್, ನನಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ," ಎಂದ. ಯಾವ ವಿಷಯ ಓದುತ್ತಿದ್ದೀ ಎಂದರೆ, "ಅಕೌಂಟ್ಸ್," ಎಂದ.

ವರದಿ ಬಂತು. ನಮ್ಮ ವಿಭಾಗದ ಹೊಗಳಿಕೆಯೇ ಒಂದು ಇಡೀ ಪ್ಯಾರಾ. ಕಾಲೇಜಿಗೆ ಐದು ವರ್ಷದ ಮಟ್ಟಿಗೆ ಒಳ್ಳೆಯ ಗ್ರೇಡು ಸಿಕ್ಕಿತು. ಗ್ರೇಡು ಸಿಕ್ಕಿದ್ದರಿಂದ ಹೊಸ ಕೋರ್ಸುಗಳಿಗೆ ಅನುಮತಿ ಸಿಕ್ಕಿತು. ಹೊಸ ಕೋರ್ಸುಗಳಿಗೆ ಜಾಗ ಬೇಕಾಯಿತು. ನಾಲ್ಕು ಜನರಿಗಾಗಿ ಒಂದು ಕೋಣೆ ಇಟ್ಟುಕೊಳ್ಳಲು ಸಾಧ್ಯವಿಲ್ಲವೆಂದು ತತ್ತ್ವಶಾಸ್ತ್ರ ವಿಭಾಗವನ್ನು ಮುಚ್ಚಿದರು. ನನ್ನನ್ನು ಪರಿಸರ ಅಧ್ಯಯನ ಕಲಿಸಲು ಹಾಕಿದರು.

ನಾನು ವರದಿ ಹಿಡಿದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಅಂದು ಬಹಳ ಮೃದುವಾಗಿ ಮಾತಾಡಿದರು. ನನಗೆ ಚಹಾ ತರಿಸಿದರು.

"ಮುಚ್ಚಿತು ಅಂತ ಯಾಕೆ ಅಂದುಕೊಳ್ಳುತ್ತೀರಿ, ಮ್ಯಾಡಮ್?" ಎಂದರು. "ರಿಪೋರ್ಟಿನಲ್ಲಿ ನಿಮ್ಮ ವಿಭಾಗ ಇನ್ನೂ ಐದು ವರ್ಷ ಇರುತ್ತದೆ."